ಗ್ರಾಫ್ ಹಾಳೆ ಖಾಲಿ ಉಳಿದಾಗ: ಒಬ್ಬ ಕಸೂತಿ ವಿನ್ಯಾಸಕಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಅವರ ಒಪ್ಪಿಗೆಯಿದೆ.)

38 ವರ್ಷದ ಮಹಿಳೆ, ಧಾರವಾಡ ಸೀಮೆಯವರು. ಇಳಕಲ್ ಸೀರೆ, ಕುಪ್ಪಸಗಳಿಗೆ ಕಸೂತಿ ಹಾಕಿಸಿಕೊಡುವ ಸಣ್ಣ ಉದ್ಯೋಗ. ಹೊಲಿಯಲು ನಾಲ್ವರಿದ್ದಾರೆ, ಹೊಸ ವಿನ್ಯಾಸ ಬರೆಯುವುದು ಇವರೊಬ್ಬರೇ. ಐದು ತಿಂಗಳಿಂದ ಆ ಕೆಲಸ ನಿಂತಿತ್ತು. "ಗ್ರಾಫ್ ಹಾಳಿ ಮುಂದ ಇಟಗೊಂಡು ಕುಂದರ್ತೀನ್ರೀ, ಏನೂ ಹೊಳೀವಲ್ತು" ಎಂದರು. ಮನೆಯವರು "ಹಳೇ ಡಿಸೈನೇ ಹಾಕಿ ಕೊಡು, ಯಾರಿಗೆ ಗೊತ್ತಾಗ್ತೈತಿ" ಎನ್ನುತ್ತಿದ್ದರಂತೆ. ಸಮಾಧಾನಕ್ಕೆ ಆಡಿದ ಮಾತು ಅವರಿಗೆ ಚುಚ್ಚಿತ್ತು.

ಇಂಥವರು ನಮ್ಮಲ್ಲಿ ಸಲಹೆಗೆ ಬಂದಾಗ ಸ್ಫೂರ್ತಿಯ ಮಾತು ಎತ್ತುವ ಮೊದಲು ಖಿನ್ನತೆ ಇದೆಯೇ ಎಂದು ನೋಡಬೇಕು. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು, ಅದನ್ನು 'ಹೊಳೆಯುತ್ತಿಲ್ಲ' ಎಂದೇ ಹಲವರು ಹೇಳಿಕೊಳ್ಳುತ್ತಾರೆ. ಖಿನ್ನತೆಯ ಮಟ್ಟ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 27ಕ್ಕೆ ಅವರ ಅಂಕ 8, ಅಂದರೆ ಸೌಮ್ಯ ಮಟ್ಟ. ನಿದ್ದೆ ಐದು ತಾಸು. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ವೈದ್ಯರ ಬಳಿ ಕಳಿಸಿದೆವು, ಎರಡೂ ಸರಿಯಿದ್ದವು.

ಹಾಗಾದರೆ ಅಡ್ಡಿ ಎಲ್ಲಿ? ದಿನದ ಕೆಲಸವನ್ನು ತಾಸುವಾರು ಬರೆದು ತರಲು ಹೇಳಿದಾಗ ಕಂಡಿತು. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಫೋನಿನಲ್ಲಿ ಬೇರೆಯವರ ಕಸೂತಿ ನೋಡುವುದು, ಉಳಿಸಿಕೊಳ್ಳುವುದು. ಬೆಳಗ್ಗೆ ಹಾಳೆ ತೆಗೆದು ನಾಲ್ಕು ಗೆರೆ ಎಳೆದು ರಬ್ಬರಿನಿಂದ ಅಳಿಸುವುದು. ಅದಕ್ಕೆ ಸೇರಿ, ಒಂದು ಪ್ರದರ್ಶನದಲ್ಲಿ ಹಿರಿಯರೊಬ್ಬರು ಇವರ ಸೀರೆ ಮುಟ್ಟಿ ನೋಡಿ "ಇದು ಕಸೂತಿನ ಅಲ್ಲ ಬಿಡವಾ" ಅಂದಿದ್ದರು. ಗೆರೆ ಎಳೆಯುವಾಗೆಲ್ಲ ಆ ಮಾತೇ ಕಿವಿಯಲ್ಲಿ.

ಸೃಜನಶೀಲ ಕೆಲಸಕ್ಕೆ ನಾಲ್ಕು ಹಂತಗಳಿವೆ ಎಂದು ಇಂಗ್ಲಿಷ್ ಚಿಂತಕ ಗ್ರಹಾಂ ವಾಲಸ್ 1926ರಲ್ಲೇ ಬರೆದಿದ್ದ: ಸಿದ್ಧತೆ, ಕಾವು (ಬದಿಗಿಟ್ಟು ಒಳಗೊಳಗೇ ಮಾಗಲು ಬಿಡುವುದು), ಹೊಳಹು, ಪರಿಶೀಲನೆ. ಎಲ್ಲರ ಕೆಲಸವೂ ಇದೇ ಸಾಲಿನಲ್ಲಿ ನಡೆಯುವುದಿಲ್ಲ. ಆದರೂ ಇವರಿಗೆ ತಮ್ಮ ತೊಡಕು ತೋರಿಸಿಕೊಡಲು ಅದು ಸಾಕಾಯಿತು. ಮೊದಲ ಎರಡನ್ನು ಬಿಟ್ಟು ನೇರವಾಗಿ ನಾಲ್ಕನೆಯದಕ್ಕೇ ಕೂರುತ್ತಿದ್ದರು. ಫೋನು ನೋಡುವುದೇ ಸಿದ್ಧತೆ ಎಂದು ಅವರು ನಂಬಿದ್ದರು, ಆದರೆ ಅಲ್ಲಿ ಸಿಗುತ್ತಿದ್ದುದು ಬೇರೆಯವರು ಮುಗಿಸಿಟ್ಟ ಕೆಲಸ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಎಂಬ ಸಂಶೋಧಕರು ವಿನ್ಯಾಸಕಾರರಿಗೆ ಒಂದು ಮಾದರಿ ತೋರಿಸಿ ಹೊಸದು ಮಾಡಿ ಎಂದಾಗ, ಮಾದರಿಯಲ್ಲಿದ್ದ ತಪ್ಪುಗಳೂ ಅವರ ಚಿತ್ರಗಳಲ್ಲಿ ನುಸುಳಿದ್ದವು. ಮಲಗುವ ಮುನ್ನ ನೂರು ಮಾದರಿ ನೋಡಿದವರ ಕೈಗೆ ಬೆಳಗ್ಗೆ ಅವೇ ಬರುತ್ತವೆ. ಅದನ್ನು ಕಂಡೊಡನೆ 'ನಾನು ಕದಿಯುತ್ತಿದ್ದೇನೆ' ಎಂದು ರಬ್ಬರ್ ಹಿಡಿಯುತ್ತಿದ್ದರು.

ಎರಡು ವಾರಕ್ಕೆಂದು ಕೊಟ್ಟ ಸಲಹೆ ಹೀಗಿತ್ತು. ರಾತ್ರಿ ಒಂಬತ್ತರ ನಂತರ ಫೋನು ಅಡುಗೆಮನೆಯಲ್ಲಿ. ಗಿರಾಕಿಗಳು ಕಳಿಸುವ "ಇದೇ ಥರ, ಸ್ವಲ್ಪ ಬೇರೆ" ಫೋಟೊಗಳನ್ನು ನೋಡುವುದು ಮಧ್ಯಾಹ್ನ ಮೂರರ ಮೇಲೆ, ಒಂದೇ ಸಲ. ದಿನಕ್ಕೆ ಹತ್ತು ನಿಮಿಷ, ಕಣ್ಣೆದುರಿನ ಯಾವುದಾದರೂ ಒಂದು ವಸ್ತುವಿನ ಅಂಚನ್ನು ಮಾತ್ರ 24 ಚೌಕ ಅಗಲದ ಗ್ರಾಫಿನಲ್ಲಿ ಬರೆಯುವುದು. ಪೆನ್ನಿನಲ್ಲಿ, ರಬ್ಬರ್ ಇಲ್ಲದೆ. ಫೋಟೊ ತೆಗೆದುಕೊಂಡು ಆಮೇಲೆ ಬರೆಯುವಂತಿಲ್ಲ, ಏಕೆಂದರೆ ಫೋಟೊ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ, ಏನು ಬಿಡಬೇಕೆಂದು ಕಣ್ಣು ಯೋಚಿಸುವುದಿಲ್ಲ. ಕಸೂತಿಯಲ್ಲಿ ಗೆರೆ ನೆಟ್ಟಗೆ, ಅಡ್ಡ ಅಥವಾ ಓರೆ, ಅಷ್ಟೇ. ಬಾಗಿದ್ದನ್ನು ಮೆಟ್ಟಿಲು ಮಾಡಲೇಬೇಕು. ಎಲ್ಲಿ ಮೆಟ್ಟಿಲು ಎಂದು ತೀರ್ಮಾನಿಸುವ ಹೊತ್ತಿಗೆ ವಿನ್ಯಾಸ ಅರ್ಧ ಹುಟ್ಟಿರುತ್ತದೆ.

ವಸ್ತು ಯಾವುದು ಎಂದು ಕೇಳಿದರು. ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆಯಂಬಾರಿ, ತೊಟ್ಟಿಲು: ಇವನ್ನೆಲ್ಲ ಸೀರೆಗೆ ತಂದ ಹೆಂಗಸರು ಜಾತ್ರೆಯಲ್ಲಿ, ಅಂಗಳದಲ್ಲಿ, ಮನೆಯೊಳಗೆ ಕಂಡದ್ದನ್ನೇ ತಂದರು ಎಂದಷ್ಟೇ ನೆನಪಿಸಿದೆವು. ಅವರು ಆರಿಸಿದ್ದು ಕಿಟಕಿಯ ಗ್ರಿಲ್, ಶಾವಿಗೆ ಮಣೆ, ಗ್ಯಾಸ್ ಸಿಲಿಂಡರಿನ ಹಿಡಿಕೆ, ಜೋಳದ ತೆನೆ.

ಪ್ರತಿ ವಸ್ತುವಿಗೂ ಆರು ರೂಪ ಬರೆಯಬೇಕು, ಆರೂ ಮುಗಿಯುವವರೆಗೆ ಚೆಂದ-ಚೆಂದಿಲ್ಲ ಎನ್ನುವಂತಿಲ್ಲ. ಮೊದಲ ಎರಡು-ಮೂರು ನೆನಪಿನಿಂದ ಬಂದ ನಕಲೇ ಆಗಿರುತ್ತವೆ ಎಂದು ಮುಂಚೆಯೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ. ಹೊಲಿಗೆಗೂ ಕಟ್ಟು: ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ (ಹೋಗಿ ಮರಳುವ ಗೆರೆ) ಮತ್ತು ಮುರ್ಗಿ (ಮೆಟ್ಟಿಲಿನಂಥ ಗೆರೆ) ಮಾತ್ರ, ಒಂದೇ ಬಣ್ಣ. ನೇಯ್ದಂತೆ ಕಾಣುವ ನೆಯ್ಗಿ, ಗುಣಿಸು ಗುರುತಿನಂಥ ಮೆಂತೆ ಆಮೇಲೆ.

ಕೈ ನಿಂತಾಗ ಇಪ್ಪತ್ತು ನಿಮಿಷದ ನಡಿಗೆ, ಫೋನಿಲ್ಲದೆ. 2014ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಕುಳಿತವರಿಗಿಂತ ನಡೆಯುವವರಿಗೆ ಹೆಚ್ಚು ಹೊಸ ಉಪಾಯಗಳು ಬಂದವು, ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆದರೂ. ಆದರೆ ಒಂದೇ ಸರಿಯುತ್ತರವಿರುವ ಪದಗಳ ಒಗಟಿಗೆ ನಡಿಗೆಯಿಂದ ಲಾಭವಾಗಲಿಲ್ಲ. ಈ ವ್ಯತ್ಯಾಸ ಕಸೂತಿಗೆ ಚೆನ್ನಾಗಿ ಒಪ್ಪುತ್ತದೆ. ಗವಂತಿಯಲ್ಲಿ ದಾರ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ತುಂಬುತ್ತದೆ, ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟಿಲ್ಲದೆ, ಎರಡೂ ಬದಿ ಒಂದೇ ತೆರ ಕಾಣಬೇಕು. ಆ ಹೋಗಿಬರುವ ದಾರಿಯನ್ನು ಕೂತು, ಬೆರಳಿಟ್ಟೇ ಲೆಕ್ಕ ಹಾಕಬೇಕು.

ಎರಡನೇ ವಾರ ಕೆಟ್ಟಿತು. ದಿನದ ಚಿತ್ರಗಳನ್ನು ಫೋನಿನ ಸ್ಟೇಟಸ್ಸಿಗೆ ಹಾಕತೊಡಗಿದ್ದರು. ಎಷ್ಟು ಜನ ನೋಡಿದರು ಎಂಬ ಲೆಕ್ಕ ಶುರುವಾಯಿತು, ಸಿಲಿಂಡರ್ ಹಿಡಿಕೆಗೆ ಯಾರೋ ನಗುವ ಮುಖ ಕಳಿಸಿದ್ದೇ ತಡ ಮರುದಿನದ ಹಾಳೆ ಖಾಲಿ. ಹಾಳೆಗಳನ್ನು ಆರು ವಾರ ಯಾರಿಗೂ ತೋರಿಸಬಾರದು ಎಂಬ ನಿಯಮ ಆಗ ಸೇರಿತು. ಇದನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಹಿರಿಯರ ಮಾತಿಗೆ ಬೇರೆ ದಾರಿ ಬೇಕಿತ್ತು. 'ಮನಸ್ಸಿಗೆ ಹಚ್ಚಿಕೊಳ್ಳಬೇಡಿ' ಎಂದರೆ ಯಾರಿಗೂ ಉಪಯೋಗವಿಲ್ಲ. ಹಾಳೆಯಲ್ಲಿ ಮೂರು ಕಾಲಂ ಹಾಕಿಸಿದೆವು: ಅವರು ಆಡಿದ ಮಾತು, ನಾನು ಕೇಳಿಸಿಕೊಂಡದ್ದು, ಸೀರೆಯಲ್ಲಿ ನಿಜಕ್ಕೂ ಇದ್ದದ್ದು. ಮೂರನೆಯದು ಬರೆಯುವಾಗ ಅವರೇ ಹೇಳಿದರು, ಆ ಸೀರೆಯ ಹಿಂಬದಿಯಲ್ಲಿ ದಾರ ಅಡ್ಡಾದಿಡ್ಡಿ ಬಿದ್ದಿತ್ತು, ಗಂಟುಗಳಿದ್ದವು. ಹಿರಿಯರ ತಕರಾರು ಹೊಲಿಗೆಯ ಮೇಲಿತ್ತು, ಇವರು ಅದನ್ನು ತಮ್ಮ ಕಲ್ಪನೆಯ ಮೇಲೆ ಎಳೆದುಕೊಂಡಿದ್ದರು. ಹೊಲಿಗೆಯ ದೋಷ ತಿದ್ದಬಹುದು.

ತಿದ್ದಲು ಜೋಳದ ತೆನೆಯೇ ಸಿಕ್ಕಿತು. ಕಾಳುಗಳನ್ನು ಬಿಡಿಬಿಡಿ ಚೌಕಗಳಾಗಿ ಬರೆದಿದ್ದರು. ದಂಟಿನ ಗೆರೆಗೆ ಅಂಟದ ಕಾಳಿಗೆ ದಾರ ಹೋಗಬೇಕೆಂದರೆ ಹಿಂದೆ ಅಡ್ಡ ಬೀಳಲೇಬೇಕು. ನಾಲ್ಕನೇ ರೂಪದಲ್ಲಿ ಕಾಳುಗಳನ್ನು ಓರೆ ತಿರುಗಿಸಿ ಮೂಲೆಗೆ ಮೂಲೆ ತಾಗಿಸಿದರು, ದಂಟಿಗೆ ಮುರ್ಗಿಯ ಮೆಟ್ಟಿಲು ಕೊಟ್ಟರು. ದಾರ ಹೋಗಿ ಹೊರಟಲ್ಲಿಗೇ ಮರಳಿತು. ಅದೀಗ ಒಂದು ಕುಪ್ಪಸದ ತೋಳಂಚು. ಗ್ರಿಲ್ ಏನೂ ಆಗಲಿಲ್ಲ. ಸಿಲಿಂಡರನ್ನು ಅವರು ಇನ್ನೂ ಬಿಟ್ಟಿಲ್ಲ.

ಆರನೇ ವಾರ ಅಂಕ 4, ನಿದ್ದೆ ಆರೂವರೆ ತಾಸು. ಮದುವೆ ಸುಗ್ಗಿಯಲ್ಲಿ ರಾತ್ರಿಯ ಫೋನು ಮರಳುವ ಸಾಧ್ಯತೆ ಹೆಚ್ಚು, ಹಾಗಾಗಿ ತಿಂಗಳಿಗೊಮ್ಮೆ ಭೇಟಿ ಇಟ್ಟುಕೊಂಡಿದ್ದೇವೆ.

ಈ ಕ್ರಮ ಎಲ್ಲರಿಗಲ್ಲ. ಪಿಎಚ್‌ಕ್ಯೂ-9ರ ಅಂಕ 10 ಅಥವಾ ಮೇಲಿದ್ದರೆ, ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ-ನಿದ್ದೆ ಕೆಟ್ಟಿದ್ದರೆ ಗ್ರಾಫ್ ಹಾಳೆ ಬದಿಗಿಟ್ಟು ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಅಂಕ ಎಷ್ಟೇ ಇರಲಿ, ಅಂದೇ ಕಾಣಬೇಕು. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.