ಮೊಣಕಾಲುದ್ದ ನೀರು ಕಾರನ್ನೇ ಕೊಚ್ಚಿಕೊಂಡು ಹೋಗುತ್ತಾ?

ಹೌದು, ಹೋಗುತ್ತದೆ. ನೀರು ಹರಿಯುತ್ತಿದ್ದರೆ ಮೊಣಕಾಲುದ್ದವೂ ಬೇಡ. ಸುಮಾರು 1 ಅಡಿ ನೀರು ಸಣ್ಣ ಕಾರನ್ನು ಎಳೆದುಕೊಂಡು ಹೋಗಬಲ್ಲದು. 2 ಅಡಿ ಆದರೆ ದೊಡ್ಡ ಗಾಡಿಗಳಿಗೂ ಅದೇ ಗತಿ.

ಕಾರು ಅಷ್ಟು ಭಾರ ಇದೆಯಲ್ಲ, ಹೇಗೆ ಅಂತೀರಾ? ನೀರು ಮೊದಲು ಅದನ್ನು ಮೇಲಕ್ಕೆತ್ತುತ್ತದೆ, ಆಮೇಲೆ ತಳ್ಳುತ್ತದೆ. 4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕಾರಿನ ತಳ 10 ಸೆಂಟಿಮೀಟರ್ ಮುಳುಗಿತು ಅಂದುಕೊಳ್ಳಿ. ಅಷ್ಟಕ್ಕೇ ಹತ್ತಿರ ಹತ್ತಿರ 600 ಕಿಲೋ ಭಾರ ಕಡಿಮೆಯಾದಂತೆ. ಟೈರು ನೆಲವನ್ನು ಬಿಗಿಯಾಗಿ ಹಿಡಿಯುವುದು ಕಾರಿನ ಭಾರದಿಂದಲೇ. ಆ ಭಾರ ಇಳಿದ ಮೇಲೆ ಬ್ರೇಕು, ಸ್ಟೀರಿಂಗ್ ಎಲ್ಲ ಸುಮ್ನೆ. ಹರಿವಿನ ವೇಗ ಎರಡು ಪಟ್ಟಾದರೆ ನೂಕುವ ಬಲ ನಾಲ್ಕು ಪಟ್ಟಾಗುತ್ತದೆ, ಅದು ಬೇರೆ.

ನನಗೆ ಇದಕ್ಕಿಂತ ಜಾಸ್ತಿ ಭಯ ಕೆಂಪು ನೀರಿನ ಅಡಿಯಲ್ಲಿ ಏನಾಗಿದೆ ಅನ್ನುವುದು. ಅಂಚು ಕುಸಿದು ರಸ್ತೆಯೇ ಇಲ್ಲದಿರಬಹುದು. ಮೇಲಿಂದ ನೋಡಿದರೆ ಎಲ್ಲ ಒಂದೇ ಸಮ ಕಾಣುತ್ತದೆ, ರಾತ್ರಿಯಾದರೆ ಅದೂ ಇಲ್ಲ.

ಹಳ್ಳಿಗಾಡಿನಲ್ಲಿ ಸೇತುವೆ ತಗ್ಗು, ಸುತ್ತು ದಾರಿ ದೂರ, ನೆರವು ಬರುವುದು ತಡ. ಹಾಗಾಗಿಯೇ ಜನ 'ದಾಟಿಬಿಡೋಣ' ಅನ್ನುವುದು. ಮಳೆಗಾಲಕ್ಕೆ ಮೊದಲೇ ಹಗಲಲ್ಲಿ ಒಮ್ಮೆ ಎತ್ತರದ ದಾರಿಯಲ್ಲಿ ಓಡಾಡಿ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿಟ್ಟುಕೊಳ್ಳಿ. ದಾರಿ ಗೊತ್ತಿದ್ದವರು ಗಾಡಿ ತಿರುಗಿಸಲು ಅಷ್ಟು ಹಿಂದೆಮುಂದೆ ನೋಡುವುದಿಲ್ಲ.