ಅರ್ಧ ಪೆಡಲ್‌ಗೆ ಜರ್ಕ್ ಹೊಡೆದರೆ ಕಂಟ್ರೋಲರ್ ಮುಟ್ಟಬೇಡಿ

ಅರ್ಧ ಪೆಡಲ್‌ನಲ್ಲಿ ಗಾಲ್ಫ್ ಕಾರ್ಟ್ ಜರ್ಕ್ ಹೊಡೆಯುತ್ತದೆ, ಪೂರ್ತಿ ತುಳಿದರೆ ಚೆನ್ನಾಗಿ ಓಡುತ್ತದೆ, ಕಂಟ್ರೋಲರ್ (ಪೆಡಲ್ ಒತ್ತಿದಷ್ಟು ಕರೆಂಟನ್ನು ಮೋಟಾರ್‌ಗೆ ಬಿಡುವ ಪೆಟ್ಟಿಗೆ) ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದ್ದಾರೆ, ಈಗ 300 ಆಂಪ್‌ನದು ತರಲಾ, 400 ಆಂಪ್‌ನದು ತರಲಾ ಎಂದು ಕೇಳಿದ್ದೀರಿ. ಎರಡನ್ನೂ ತರಬೇಡಿ. ಇದೇ ತೊಂದರೆಗೆ ಹೊಸ ಕಂಟ್ರೋಲರ್ ತರಿಸಿ ಹಾಕಿದವನು ನಾನು.

ಆಗ ನಾನು ಚಿಕ್ಕಮಗಳೂರು ಕಡೆಯ ಒಂದು ರೆಸಾರ್ಟ್‌ನಲ್ಲಿ ಎಲೆಕ್ಟ್ರಿಷಿಯನ್. ಗೇಟಿನಿಂದ ಕಾಟೇಜ್‌ಗೆ ಗೆಸ್ಟ್‌ಗಳನ್ನೂ ಲಗೇಜನ್ನೂ ಒಯ್ಯಲು ಕಾರ್ಟ್ ಇತ್ತು. ನಿಮ್ಮದರ ಹಾಗೇ 48 ವೋಲ್ಟ್, ಎಂಟು ವೋಲ್ಟಿನ ಆರು ಬ್ಯಾಟರಿ. ಮಳೆಗಾಲದಲ್ಲಿ ಜರ್ಕ್ ಶುರುವಾಯಿತು. ಮೊದಲು ಬ್ಯಾಟರಿ ನೋಡಿದೆ. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ ಲೆಡ್ ಆಸಿಡ್ ಪ್ಯಾಕ್ ಸುಮಾರು 51 ವೋಲ್ಟ್ ತೋರಿಸಬೇಕು, ತೋರಿಸಿತು. ಕೇಬಲ್‌ಗಳನ್ನು ಬಿಗಿ ಮಾಡಿದೆ. ಆಮೇಲೆ ಥ್ರಾಟಲ್‌ಗೆ, ಅಂದರೆ ಪೆಡಲ್ ಎಷ್ಟು ಒತ್ತಿದೆ ಅಂತ ಕಂಟ್ರೋಲರ್‌ಗೆ ತಿಳಿಸುವ ಭಾಗಕ್ಕೆ ಬಂದೆ.

ತಪ್ಪಾಗಿದ್ದು ಇಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮೆಕ್ಯಾನಿಕ್ ಕೂಡ ಹೀಗೇ ಮಾಡಿರಬಹುದು.

ಪೆಡಲ್ ಕೆಳಗಿನ ಡಬ್ಬಿಯಲ್ಲಿ ಒಂದು ಪಾಟ್ ಇರುತ್ತದೆ, ಅಂದರೆ ಪೊಟೆನ್ಶಿಯೋಮೀಟರ್. ಪೆಡಲ್ ಒತ್ತಿದಂತೆ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಎರಡು ವೈರಿನದಾದರೆ ಹೆಚ್ಚಾಗಿ 0ಯಿಂದ 5 ಕಿಲೋ ಓಮ್‌ನದು. ಡಿಜಿಟಲ್ ಮೀಟರ್ ಇಟ್ಟು, ಪೆಡಲ್ ಬಿಟ್ಟಾಗ ನೋಡಿದೆ: ಸೊನ್ನೆಯ ಹತ್ತಿರ. ಪೂರ್ತಿ ತುಳಿದು ನೋಡಿದೆ: 5 ಕಿಲೋ ಓಮ್ ಹತ್ತಿರ. ಎರಡೂ ಸರಿ ಇದೆ, ಹಾಗಾದರೆ ಪಾಟ್ ಸರಿ ಇದೆ ಅಂತ ಬರೆದುಕೊಂಡೆ. ಎರಡು ತುದಿ ನೋಡಿದೆನೇ ಹೊರತು ನಡುವೆ ಏನಾಗುತ್ತಿದೆ ಅಂತ ನೋಡಲಿಲ್ಲ. ಕಾರ್ಟ್ ಜರ್ಕ್ ಹೊಡೆಯುತ್ತಿದ್ದದ್ದು ಆ ನಡುವಿನ ಜಾಗದಲ್ಲೇ! ಪಾಟ್ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಒಂದು ಸಣ್ಣ ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಅದು ಎಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೋ ಅಲ್ಲೇ ಪಟ್ಟಿ ಸವೆಯುತ್ತದೆ. ನಮ್ಮಲ್ಲಿ ವೇಗಮಿತಿ ಇತ್ತು, ಡ್ರೈವರ್‌ಗಳೆಲ್ಲ ಇಡೀ ದಿನ ಪೆಡಲನ್ನು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಹಿಡಿದಿರುತ್ತಿದ್ದರು. ತುದಿಗಳು ಹೊಸದರಂತಿದ್ದವು, ನಡುವೆ ಪಟ್ಟಿ ಕಿತ್ತುಹೋಗಿತ್ತು. ಲಾಲ್‌ಬಾಗ್, ಮೈಸೂರು ಮೃಗಾಲಯದಂಥ ಕಡೆ ಜನರನ್ನು ಒಯ್ಯುವ ಬ್ಯಾಟರಿ ಗಾಡಿಗಳದ್ದೂ ಇಂಥದೇ ನಿಧಾನದ ಓಟ ಅಲ್ವಾ?

ಹೊಸ ಕಂಟ್ರೋಲರ್ ಬಂತು. ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ ಬೆಲೆ. ಹಾಕಿದ ಮೇಲೆ ಜರ್ಕ್ ಮಾಯ! ಮ್ಯಾನೇಜರ್‌ಗೂ ಖುಷಿ. ಹಳೆಯದನ್ನು ಗುಜರಿಗೆ ಕೊಟ್ಟುಬಿಟ್ಟೆವು. ನಿಜಕ್ಕೂ ಆಗಿದ್ದೇನೆಂದರೆ, ಕಂಟ್ರೋಲರ್ ಹಾಕುವಾಗ ಪೆಡಲ್ ಡಬ್ಬಿಯನ್ನೂ ಬಿಚ್ಚಿ ಮತ್ತೆ ಕೂರಿಸಿದ್ದೆ. ನಾಲಿಗೆ ಕೂದಲೆಳೆಯಷ್ಟು ಸರಿದು, ಸವೆಯದ ಜಾಗದ ಮೇಲೆ ಕೂತಿತ್ತು. ಕೆಲವು ದಿನ ಕಳೆದು, ಏರಿನ ನಡುವೆ, ವಯಸ್ಸಾದ ದಂಪತಿ ಕೂತಿದ್ದಾಗ ಮತ್ತೆ ಕೈಕೊಟ್ಟಿತು. ಗಾಡಿ ಹಿಂದಕ್ಕೆ ಜಾರಿತು. ಡ್ರೈವರ್ ತಕ್ಷಣ ಬ್ರೇಕ್ ಒತ್ತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ಅವರಿಗೆ ಎಲ್ಲ ಹೇಳಿದೆ. "ಅಲ್ಲ ಮಾರಾಯ, ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದ್ರೆ ಸ್ಪೀಕರ್ ಬದಲಾಯಿಸ್ತಾರಾ?" ಅಂದರು. ತಮ್ಮ ಹಳೆಯ ಮುಳ್ಳಿನ ಮೀಟರ್ ಕೊಟ್ಟು, ಪೆಡಲನ್ನು ನಿಧಾನಕ್ಕೆ ಒತ್ತುತ್ತಾ ಮುಳ್ಳನ್ನೇ ನೋಡು ಅಂದರು. ಅರ್ಧಕ್ಕೆ ಬಂದಾಗ ಮುಳ್ಳು ಪಟ್ಟನೆ ಜಿಗಿದು, ಸರ್ಕ್ಯೂಟ್ ತುಂಡಾದಾಗ ನಿಲ್ಲುವ ಕಡೆಗೆ ಹೋಗಿ ವಾಪಸ್ ಬಂತು. ಡಿಜಿಟಲ್ ಮೀಟರ್‌ನಲ್ಲಿ ಅಂಕಿ ಸೆಕೆಂಡಿಗೆ ಕೆಲವೇ ಸಲ ಬದಲಾಗುತ್ತದೆ. ಕ್ಷಣಮಾತ್ರ ತುಂಡಾಗಿ ಕೂಡಿಕೊಳ್ಳುವುದು ಅದರ ಕಣ್ಣಿಗೆ ಬೀಳದೆ ಹೋಗುತ್ತದೆ.

ಅದು ಜರ್ಕ್ ಯಾಕಾಗುತ್ತದೆ ಅಂದರೆ, ಕಂಟ್ರೋಲರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಅಂತಲೇ. ಕರ್ಟಿಸ್ 1204 ಥರದ ಕಂಟ್ರೋಲರ್‌ಗಳಲ್ಲಿ ಥ್ರಾಟಲ್ ರೆಸಿಸ್ಟೆನ್ಸ್ ಸುಮಾರು 7 ಕಿಲೋ ಓಮ್ ದಾಟಿದರೆ, ವೈರ್ ತುಂಡಾಗಿದೆ ಅಂತ ತಿಳಿದು ಮೋಟಾರ್‌ಗೆ ಹೋಗುವ ಕರೆಂಟ್ ನಿಲ್ಲಿಸುತ್ತವೆ. ವೈರ್ ತುಂಡಾದ ಗಾಡಿ ತಾನಾಗಿ ಓಡಬಾರದು ಅನ್ನುವ ರಕ್ಷಣೆ ಅದು. ಮತ್ತೆ ಕೂಡಿಕೊಂಡರೆ ಕರೆಂಟ್ ಏರುತ್ತದೆ. ನಿಲ್ಲುವುದು, ಏರುವುದು, ನಿಲ್ಲುವುದು. ಕೂತವರಿಗೆ ಅದೇ ಜರ್ಕ್.

ನಿಮ್ಮ ಗಾಡಿಯದ್ದು ಇನ್ನೂ ಸ್ಪಷ್ಟ. ಪೂರ್ತಿ ತುಳಿದಾಗ ಓಡುತ್ತದೆ ಎಂದರೆ ಜಾಸ್ತಿ ಕರೆಂಟ್ ಕಂಟ್ರೋಲರ್ ದಾಟಿ ಹೋಗುತ್ತಿದೆ. ಬ್ಯಾಟರಿ ದುರ್ಬಲವಾಗಿದ್ದರೆ ಪೂರ್ತಿ ಪೆಡಲ್‌ನಲ್ಲಿ, ಏರಿನಲ್ಲಿ ಸಾಯಬೇಕಿತ್ತು, ಸಮತಟ್ಟಿನಲ್ಲಿ ಅರ್ಧ ಪೆಡಲ್‌ಗೆ ಅಲ್ಲ. ಕಂಟ್ರೋಲರ್ ಒಳಗಿನ ಮಾಸ್‌ಫೆಟ್‌ಗಳು (ಕರೆಂಟ್ ಬಿಟ್ಟು ನಿಲ್ಲಿಸುವ ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗುತ್ತವೆ. ಆಗ ಗಾಡಿ ಒಂದೋ ಏಕಾಏಕಿ ಪೂರ್ತಿ ವೇಗಕ್ಕೆ ಹೋಗುತ್ತದೆ, ಇಲ್ಲವೇ ಅಲುಗಾಡುವುದೇ ಇಲ್ಲ. ಒಂದೇ ಜಾಗದಲ್ಲಿ ಜರ್ಕ್ ಕೊಡುತ್ತಾ ಕೂರುವುದು ಪೆಡಲ್ ಕಡೆಯ ಲಕ್ಷಣ.

ಹೀಗೆ ಮಾಡಿ. ಜರ್ಕ್ ಹೊಡೆಯುವಾಗ ಸೀಟಿನ ಕೆಳಗೆ ಕಿವಿಗೊಡಿ. ಪ್ರತಿ ಜರ್ಕ್‌ಗೂ ಸೊಲೆನಾಯ್ಡ್ (ಬ್ಯಾಟರಿಯ ಕರೆಂಟನ್ನು ಕಂಟ್ರೋಲರ್‌ಗೆ ಜೋಡಿಸುವ ದೊಡ್ಡ ರಿಲೇ) ಟಕ್ ಟಕ್ ಅಂದರೆ, ಅದನ್ನು ಆನ್ ಮಾಡುವ ಪೆಡಲ್‌ನ ಸಣ್ಣ ಮೈಕ್ರೋಸ್ವಿಚ್ ಅಥವಾ ಅದರ ವೈರನ್ನು ನೋಡಿ. ಸದ್ದಿಲ್ಲದೆ ಜರ್ಕ್ ಹೊಡೆದರೆ ಪಾಟ್ ನೋಡಿ. ಕೀ ತೆಗೆದು, ಟೋ ಸ್ವಿಚ್ (ಗಾಡಿಯನ್ನು ಎಳೆದೊಯ್ಯುವಾಗ ಹಾಕುವ ಸ್ವಿಚ್) ಇದ್ದರೆ ಟೋಗೆ ಹಾಕಿ, ಬ್ಯಾಟರಿಯ ಮುಖ್ಯ ನೆಗೆಟಿವ್ ಬಿಚ್ಚಿ. ಕಂಟ್ರೋಲರ್‌ನ ದಪ್ಪ ಟರ್ಮಿನಲ್‌ಗಳನ್ನು ಮುಟ್ಟಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಪಾಟ್‌ನ ಎರಡು ವೈರ್ ಬಿಡಿಸಿ, ಮುಳ್ಳಿನ ಮೀಟರ್ ಇಟ್ಟು, ಪೆಡಲನ್ನು ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಒತ್ತಿ. ಮುಳ್ಳು ಎಲ್ಲೂ ಜಿಗಿಯದೆ ಸಾಗಬೇಕು. ಇದಕ್ಕೆ ಮೋಟಾರ್ ಓಡಿಸುವ ಅಗತ್ಯವೇ ಇಲ್ಲ. ಜಾಕ್ ಹಾಕಿ ಚಕ್ರ ಎತ್ತಿ ಪೂರ್ತಿ ಥ್ರಾಟಲ್ ಕೊಡುವುದನ್ನು ಕೆಲವರು ಮಾಡುತ್ತಾರೆ, ದಯವಿಟ್ಟು ಬೇಡ. ಸೀರೀಸ್ ಮೋಟಾರ್ ಲೋಡ್ ಇಲ್ಲದೆ ವೇಗ ಏರಿಸುತ್ತಲೇ ಹೋಗಿ ಒಳಗೇ ಚೂರಾಗಬಹುದು.

ಪಾಟ್ ಕೆಟ್ಟಿದ್ದರೆ ಹೊಸದೇ ಹಾಕಿ. ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದರೆ ಉಳಿದ ಕಾರ್ಬನ್ ಕೂಡ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದಾಗ ಎರಡು ದಿನ ಸರಿಯಾಗಿ ಮತ್ತೆ ಶುರುವಾದರೆ, ತೊಂದರೆ ಅಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಹೊಸದನ್ನು ಕೂರಿಸುವಾಗ ಪೆಡಲ್ ಬಿಟ್ಟಾಗ ಸೊನ್ನೆಯ ಹತ್ತಿರ ಬರುತ್ತದೆಯಾ, ಪಾಟ್ ಏರಲು ಶುರುವಾಗುವ ಮುಂಚೆಯೇ ಮೈಕ್ರೋಸ್ವಿಚ್ ಕ್ಲಿಕ್ ಅನ್ನುತ್ತದೆಯಾ ನೋಡಿ.

400 ಆಂಪ್‌ನ ಆಸೆ ಏರಿಗಾಗಿ ಇದ್ದರೆ, ಅದಕ್ಕೆ ದಪ್ಪ ಕೇಬಲ್, ದೊಡ್ಡ ಸೊಲೆನಾಯ್ಡ್ ಕೂಡ ಬೇಕಾಗುತ್ತದೆ. ಅದು ಬೇರೆ ಲೆಕ್ಕ, ಈ ಜರ್ಕ್‌ಗೆ ಮದ್ದಲ್ಲ.

ಇಜ಼ಡ್‌ಗೋ ಕಂಪನಿಯ ಕೆಲವು ಕಾರ್ಟ್ ಮಾದರಿಗಳಲ್ಲಿ ಉಜ್ಜುವ ಪಾಟ್ ಬದಲು, ಉಜ್ಜದೆಯೇ ಪೆಡಲ್‌ನ ಜಾಗ ಅಳೆಯುವ ಇಂಡಕ್ಟಿವ್ ಸೆನ್ಸರ್ ಇರುತ್ತದೆ. ಅದಕ್ಕೆ ಈ ಓಮ್ ಪರೀಕ್ಷೆ ಹೊಂದುವುದಿಲ್ಲ. ಮೋಟಾರ್ ಬಾಲದಲ್ಲಿ ಸ್ಪೀಡ್ ಸೆನ್ಸರ್ ಇರುವ ಗಾಡಿಯಾದರೆ ಆ ಸೆನ್ಸರ್ ಕೆಟ್ಟರೂ ಜರ್ಕ್ ಬರಬಹುದು. ನಿಮ್ಮದು ಯಾವ ಮಾದರಿ, ಪೆಡಲ್ ಡಬ್ಬಿಯಿಂದ ಎಷ್ಟು ವೈರ್ ಬರುತ್ತದೆ ಅಂತ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಆ ಗಾಡಿಯಲ್ಲಿ ಏರಿಗೆ ಜನರನ್ನು ಕೂರಿಸಬೇಡಿ.