ತುಮಕೂರು ಚೆನ್ನೈ ಕಾರಿಡಾರಿಗೆ ಸೇರಿದ್ದು ಹೇಗೆ?

ತುಮಕೂರು ಇರೋದು ಬೆಂಗಳೂರಿನಿಂದ ಚೆನ್ನೈಗೆ ವಿರುದ್ಧ ದಿಕ್ಕಿನಲ್ಲಿ, ಆದರೂ ಅದು ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನಲ್ಲಿದೆ ಅಂತ ಸೈಟ್ ಮಾರುವವರು ಹೇಳ್ತಿದ್ದಾರೆ, ಸುಳ್ಳಾ ಅಂತ ಕೇಳಿದ್ದೀರಿ. ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದಾರೆ.

ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ ಹೋಗುವ ಸುಮಾರು 260 ಕಿ.ಮೀ. ಎಕ್ಸ್‌ಪ್ರೆಸ್‌ವೇ ಬೇರೆ, ಈ ಕಾರಿಡಾರ್ ಬೇರೆ. ಎಕ್ಸ್‌ಪ್ರೆಸ್‌ವೇ ಬರೀ ರಸ್ತೆ. ಕೈಗಾರಿಕಾ ಕಾರಿಡಾರ್ ಅಂದರೆ ಕೆಲವು ಜಾಗ ಆರಿಸಿ, ಒಳರಸ್ತೆ, ನೀರು, ಕರೆಂಟು, ಚರಂಡಿ ಮೊದಲೇ ಹಾಕಿ, ಆಮೇಲೆ ಕಾರ್ಖಾನೆಗಳಿಗೆ ಪ್ಲಾಟ್ ಕೊಡುವ ಯೋಜನೆ. ಅಂಥ ಜಾಗಕ್ಕೆ ನೋಡ್ ಅಂತಾರೆ. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಹಾಯದಿಂದ ಮಾಡಿದ ಈ ಕಾರಿಡಾರಿನ ಯೋಜನೆಯಲ್ಲಿ ಮೂರು ನೋಡ್: ತಮಿಳುನಾಡಿನ ಪೊನ್ನೇರಿ, ಆಂಧ್ರದ ಕೃಷ್ಣಪಟ್ಟಣಂ, ನಮ್ಮ ತುಮಕೂರು. ಮೊದಲೆರಡು ಬಂದರಿನ ಹತ್ತಿರ. ನಮ್ಮದು ಒಳನಾಡು, ಆದರೆ ಮುಂಬೈ ಹೆದ್ದಾರಿ ಪಕ್ಕದಲ್ಲೇ ಇದೆ. ಚೆನ್ನೈ ಕಡೆಗೂ ಸರಕು ಕಳಿಸಬಹುದು, ಮುಂಬೈ ಕಡೆಗೂ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ತುಮಕೂರು ನೋಡ್‌ಗೆ ಸುಮಾರು 1,701 ಕೋಟಿ ರೂಪಾಯಿ ಒಪ್ಪಿತು.

ಈಗ ನಿಮ್ಮ ಸೈಟ್. ನೋಡ್ ಇರೋದು ತುಮಕೂರಿನ ಹತ್ತಿರದ ವಸಂತನರಸಾಪುರದ ಸುತ್ತ, ಇಡೀ ಜಿಲ್ಲೆಯಲ್ಲಲ್ಲ. ನಮ್ಮ ಮಾವನಿಗೆ ಕೊಟ್ಟ ಕರಪತ್ರದಲ್ಲಿ ಕಾರಿಡಾರನ್ನು ದಪ್ಪ ಕೆಂಪು ಗೆರೆ ಎಳೆದು ತೋರಿಸಿದ್ದರು. ಆ ಗೆರೆಯ ಅಗಲದಲ್ಲೇ ನಾಲ್ಕು ಹಳ್ಳಿ ಮುಚ್ಚಿಹೋಗಿದ್ದವು! ಸುಮ್ನೆ ಅದನ್ನು ನಂಬಬೇಡಿ. ಸರ್ವೆ ನಂಬರ್ ಹಿಡಿದು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಚೇರಿಗೆ ಹೋಗಿ, 28(1) ಅಧಿಸೂಚನೆ, ಅಂದರೆ ಜಮೀನು ಸ್ವಾಧೀನದ ಮೊದಲ ಪ್ರಕಟಣೆ, ಆಗಿದೆಯಾ ಕೇಳಿ. ಆಗಿದ್ದರೆ ಅದು ಸ್ವಾಧೀನಕ್ಕೆ ಹೋಗಬಹುದಾದ ಜಮೀನು, ಅಡ್ವಾನ್ಸ್ ಕೊಡಬೇಡಿ.